ವೇದಿಕೆ ಇಳಿದು ವಾರ್ಡಿಗೆ ಬಂದ ದೊಡ್ಡಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸರ್ಕಾರಿ ಆಸ್ಪತ್ರೆಯ ಗಂಡಸರ ವಾರ್ಡಿನಲ್ಲಿ ಫಿನಾಯಿಲ್ ವಾಸನೆ ಆಗಲೇ ಎದ್ದಿದೆ. ಮೂಲೆ ಮಂಚದ ಲಾರಿ ಡ್ರೈವರ್ ಡ್ರಿಪ್ಪಿನ ಸೂಜಿ ಕಿತ್ತೆಸೆದು, ಸ್ಟ್ಯಾಂಡನ್ನೇ ದೊಣ್ಣೆಯಂತೆ ಹಿಡಿದು ನಿಂತಿದ್ದಾನೆ. ಕಾಲಿನ ಎರಡು ಬೆರಳು ತೆಗೆಯಬೇಕೆಂದು ಡಾಕ್ಟರು ನಿನ್ನೆ ಹೇಳಿದ್ದಾರೆ, ಅದಕ್ಕೇ ಈ ರಂಪ. ಸೆಕ್ಯುರಿಟಿಯವರು ಬಾಗಿಲಾಚೆಯಿಂದಲೇ ಗದರುತ್ತಿದ್ದಾರೆ. ನೆಲ ಒರೆಸುತ್ತಿದ್ದ ಹೆಂಗಸು ಕೋಲನ್ನು ಗೋಡೆಗೆ ಒರಗಿಸಿ, ಕೈ ಒರೆಸಿಕೊಂಡು ಅವನ ಹತ್ತಿರ ಹೋಗುತ್ತಾರೆ.

"ರಕ್ತ ಸುರೀತಿದೆ. ಕೂತ್ಕೋ."

ದನಿ ಏರಿಸಿದ್ದೂ ಇಲ್ಲ, ಬೇಡಿಕೊಂಡದ್ದೂ ಇಲ್ಲ. ಆಸಾಮಿ ಕೂರುತ್ತಾನೆ. ನರ್ಸ್ ಬರುವವರೆಗೆ ಗಾಯ ಒತ್ತಿ ಹಿಡಿದು ಅವರೂ ಪಕ್ಕದಲ್ಲೇ ಕೂರುತ್ತಾರೆ. "ನಿನಗೋಸ್ಕರ ಪ್ರಾರ್ಥನೆ ಮಾಡ್ಲಾ? ಬೇಡ ಅಂದ್ರೆ ಬೇಡ, ಟೀ ಅಂತೂ ತಂದುಕೊಡ್ತೀನಿ." ಡ್ರೈವರ್ ತಲೆಯಾಡಿಸುತ್ತಾನೆ. ಯಾವುದಕ್ಕೆ ಎಂಬುದು ತಿಳಿಯುವುದಿಲ್ಲ. ಎರಡೂ ಸಿಗುತ್ತವೆ.

ಇವರು ಈ ವಾರ್ಡಿನ ಆಯಾ. ಎಲ್ಲರ ಬಾಯಲ್ಲೂ ದೊಡ್ಡಕ್ಕ. ನಲವತ್ತು ಮಂಚ, ಅಷ್ಟೇ ಬೆಡ್‌ಪ್ಯಾನು, ಸವೆದ ಎರಡು ಮಂಡಿ. ಇದು ಅವರ ದಿನದ ಲೆಕ್ಕ. "ನಾವು ಹತ್ತು ಸಲ ಹೇಳಿದ್ರೂ ಕೇಳದೆ ಇರೋರು ಇವರು ಒಂದು ಮಾತು ಅಂದ್ರೆ ಕೇಳ್ತಾರೆ. ಹೇಗೆ ಅಂತ ನನಗಿನ್ನೂ ಅರ್ಥ ಆಗಿಲ್ಲ" ಎನ್ನುತ್ತಾರೆ ಹೆಡ್ ನರ್ಸ್.

ಅರ್ಥವಾಗಬೇಕಾದರೆ ಕೆಲವು ವರ್ಷ ಹಿಂದಕ್ಕೆ ಹೋಗಬೇಕು. ಮನೆಯವರೇ ಆಸೆ ಬಿಟ್ಟಿದ್ದ ಒಬ್ಬ ಬಾಣಂತಿಯ ತಲೆದೆಸೆಯಲ್ಲಿ, ಆಗ ಹೆರಿಗೆ ವಾರ್ಡಿನ ಪಾಳಿಯಲ್ಲಿದ್ದ ದೊಡ್ಡಕ್ಕ ಪ್ರಾರ್ಥನೆ ಮಾಡುತ್ತಾರೆ. ಮರುದಿನ ಆಕೆ ಕಣ್ಣು ಬಿಡುತ್ತಾಳೆ. ಡಾಕ್ಟರುಗಳೂ ಇರುಳೆಲ್ಲ ಹೆಣಗಿದ್ದರು, ಆದರೆ ಸುದ್ದಿಗೆ ಅದು ಬೇಕಿರಲಿಲ್ಲ. ಬಾಯಿಂದ ಬಾಯಿಗೆ ಹಬ್ಬಿದ ಮಾತು ಊರಿನ ದೊಡ್ಡ ಕ್ರೈಸ್ತ ಸಭೆಯ ಬೋಧಕರ ಕಿವಿಗೂ ಬೀಳುತ್ತದೆ. ಅವರ ಕಾರು ದೊಡ್ಡಕ್ಕನ ಮನೆ ಮುಂದೆ ನಿಲ್ಲುತ್ತದೆ. "ಬಕೆಟ್ ಹಿಡಿಯೋ ಕೈಯಲ್ಲಮ್ಮ ಇದು. ದೇವರು ವರ ಕೊಟ್ಟಿದ್ದಾನೆ, ಅದನ್ನ ಮುಚ್ಚಿಡಬಾರದು."

ಭಾನುವಾರಗಳಲ್ಲಿ ವೇದಿಕೆ, ಕೈಗೆ ಮೈಕು, ಗೋಡೆಗೋಡೆಯ ಮೇಲೆ ಪೋಸ್ಟರು. ದೊಡ್ಡಕ್ಕ ಇನ್ನು ಕೆಲವೇ ದಿನಗಳಲ್ಲಿ ಆಸ್ಪತ್ರೆ ಕೆಲಸ ಬಿಡುವುದೆಂದೂ ನಿರ್ಧಾರವಾಗುತ್ತದೆ. "ನನಗೆ ಇಷ್ಟ ಇರ್ಲಿಲ್ಲ ಅಂದ್ರೆ ಸುಳ್ಳಾಗತ್ತೆ," ಎನ್ನುತ್ತಾರೆ ಅವರು. "ಜನ ಎದ್ದು ನಿಲ್ತಿದ್ರು. ಜೀವಮಾನದಲ್ಲಿ ನನಗೆ ಯಾರು ಎದ್ದು ನಿಂತಿದ್ರು ಹೇಳಿ?" ಬಡಗಿ ಕೆಲಸದ ಗಂಡ ನಗುತ್ತಾ ಸೇರಿಸುತ್ತಾರೆ: "ಮನೇಲಿ ಉಪ್ಪು ಕೊಡಿ ಅನ್ನೋದನ್ನೂ ಮೈಕ್ ಹಿಡಿದೋಳ ಹಾಗೇ ಹೇಳ್ತಿದ್ಲು."

ಹೀಗೇ ಒಂದು ಭಾನುವಾರ ಹೆಂಗಸೊಬ್ಬರು ಸಾಕ್ಷಿ ಹೇಳಲು ವೇದಿಕೆ ಹತ್ತುತ್ತಾರೆ. "ಅಕ್ಕ ಪ್ರಾರ್ಥನೆ ಮಾಡಿದ್ಮೇಲೆ ಸಕ್ಕರೆ ಕಾಯಿಲೆಯ ಸೂಜಿ ತಗೊಳ್ಳೋದೇ ಬಿಟ್ಟೆ. ಕರ್ತನಿಗೆ ಸ್ತೋತ್ರ." ಸಭೆಯ ಚಪ್ಪಾಳೆ ಮುಗಿಲು ಮುಟ್ಟುತ್ತದೆ. ದೊಡ್ಡಕ್ಕ ಮಾತ್ರ ಹತ್ತಿರ ಹೋಗಿ ಆಕೆಯ ಮುಖ ನೋಡುತ್ತಾರೆ. ಒಣಗಿದ ತುಟಿ, ಏದುಸಿರು, ಉಸಿರಿನಲ್ಲಿ ಕೊಳೆತ ಹಣ್ಣಿನ ವಾಸನೆ. ಇಂಥವರನ್ನು ವಾರ್ಡಿಗೆ ಹೊತ್ತು ತರುವುದನ್ನು ಅವರು ಕಂಡಿದ್ದಾರೆ. ಆಶೀರ್ವಾದ ಮಾಡಿ ಎಂದು ಬೋಧಕರು ಸನ್ನೆ ಮಾಡುತ್ತಾರೆ.

"ಆಮೆನ್ ಅನ್ನೋದು ನಾಲಿಗೆ ತುದೀಲಿತ್ತು. ಅಂದಿದ್ರೆ ಎಲ್ಲರಿಗೂ ಖುಷಿ, ನನಗೂ ಹೆಸರು. ಆ ಹೆಂಗಸಿಗೆ ಮಾತ್ರ ಸಾವು," ಎಂದು ಈಗ ನೆನೆಯುತ್ತಾರೆ ದೊಡ್ಡಕ್ಕ.

ಅವತ್ತು ಮೈಕಿನಲ್ಲೇ ಹೇಳುತ್ತಾರೆ: "ಅಮ್ಮಾ, ಸೂಜಿ ಬಿಡು ಅಂತ ದೇವರು ನನ್ನ ಹತ್ರ ಹೇಳಿಲ್ಲ. ನಾನೂ ಹೇಳಲ್ಲ. ನಡಿ, ಆಸ್ಪತ್ರೆಗೆ ಹೋಗೋಣ."

ಆಕೆಯ ತೋಳು ಹಿಡಿದು ಮೆಟ್ಟಿಲಿಳಿಯುತ್ತಾರೆ. ಆಕೆ ಬದುಕುಳಿಯುತ್ತಾರೆ. ಇಂದಿಗೂ ತಪಾಸಣೆಗೆ ಬಂದಾಗಲೆಲ್ಲ ದೊಡ್ಡಕ್ಕನನ್ನು ಹುಡುಕಿಕೊಂಡು ಬಂದು, ಪಾಠ ಒಪ್ಪಿಸುವವರಂತೆ ಸಕ್ಕರೆ ಎಷ್ಟಿದೆಯೆಂದು ಹೇಳಿ ಹೋಗುತ್ತಾರೆ.

ದೊಡ್ಡಕ್ಕ ಕೆಲಸ ಬಿಡುವ ಮಾತು ಅಲ್ಲಿಗೇ ನಿಂತಿತು. ನಂಬಿಕೆ ಇಲ್ಲದವಳು ಎಂದು ಆಡಿಕೊಂಡವರಿದ್ದರು. ದಾರಿಯಲ್ಲಿ ಮುಖ ತಿರುಗಿಸಿದವರೂ ಇದ್ದರು. ಬೋಧಕರು ಇನ್ನೊಮ್ಮೆ ಬಂದು, ಸಭೆಯ ಎದುರು ಆ ಒಂದು ಮಾತು ತಿದ್ದಿಕೊಂಡರೆ ವೇದಿಕೆ ಮತ್ತೆ ನಿಮ್ಮದೇ ಎಂದರು. "ತಿದ್ದಿಕೊಳ್ಳೋಕೆ ಏನೂ ಇಲ್ಲ ಅಯ್ಯಾ. ನನಗೆ ಕೆಲಸಕ್ಕೆ ಹೊತ್ತಾಯ್ತು" ಎಂದು ದೊಡ್ಡಕ್ಕ ಚಪ್ಪಲಿ ಮೆಟ್ಟಿದರು.

ಹಾಗೆಂದು ಆಸೆ ಸತ್ತಿದೆಯೇ? ಕೇಳಿದರೆ ಜೋರಾಗಿ ನಗುತ್ತಾರೆ. "ಶೋಧನೆ, ಅಂದ್ರೆ ದಾರಿ ತಪ್ಪಿಸೋ ಆಸೆ, ಬಂದು ಹೋಗೋ ನೆಂಟ ಅಲ್ಲ, ಮಗ್ಗುಲ ಮನೆಯವನು. ನಿಮ್ಮಿಂದಲೇ ವಾಸಿ ಆಯ್ತು ಅಂತ ಯಾರಾದ್ರೂ ಅಂದ್ರೆ ಈಗಲೂ ಒಳಗೆ ಗರಿ ಬಿಚ್ಚತ್ತೆ. ಆಗ ಎದ್ದು ಹೋಗಿ ಬೆಡ್‌ಪ್ಯಾನ್ ತೊಳೀತೀನಿ. ಗರಿ ತಾನಾಗೇ ಮಡಚ್ಕೊಳ್ಳತ್ತೆ."

ರೋಗಿಗಳು ನಿಮ್ಮ ಮಾತನ್ನೇ ಏಕೆ ಕೇಳುತ್ತಾರೆ ಎಂದರೆ ಒರೆಸುವ ಬಟ್ಟೆ ಹಿಂಡುತ್ತಲೇ ಹೇಳುತ್ತಾರೆ: "ನನಗೆ ಅವರಿಂದ ಏನೂ ಬೇಕಾಗಿಲ್ಲ ಅನ್ನೋದು ಅವರಿಗೆ ಗೊತ್ತಾಗತ್ತೆ. ಮಿಕ್ಕಿದ್ದು ದೇವರ ಕೆಲಸ."

ಡ್ರೈವರ್ ಆಪರೇಷನ್ನಿಗೆ ಒಪ್ಪಿದ್ದಾನೆ. ಅವನ ಹಾಸಿಗೆ ಸರಿಮಾಡುತ್ತಿರುವ ದೊಡ್ಡಕ್ಕನನ್ನು ಏನಾದರೂ ಆಸೆಯಿದೆಯೇ ಎಂದು ಕೇಳಿದರೆ, ಬಾತ್‌ರೂಮಿನ ಕಡೆ ಕೈ ತೋರಿಸುತ್ತಾರೆ.

"ಅಲ್ಲಿ ಗೋಡೆಗೆ ಒಂದು ಕಂಬಿ ಹಾಕಿಸಿಕೊಟ್ರೆ ಸಾಕು. ನಾನು ರಜೆ ಹಾಕಿದ ದಿನ ವಯಸ್ಸಾದೋರಿಗೆ ಹಿಡ್ಕೊಳ್ಳೋಕೆ ಏನಾದ್ರೂ ಬೇಕಲ್ಲ."