ಸಮುದ್ರದಿಂದ ಕಾಣಬಾರದ ಮನೆ

ಸುಣ್ಣದಕ್ಕನಿಗೆ ಆ ಹೆಸರು ಅಂಟಿದ್ದು ಅವಳ ಗೋಡೆಯಿಂದ. ದಿಬ್ಬದ ಮೇಲಿನ ಅವಳ ಮನೆಯ ಒಂದು ಗೋಡೆ ಸಮುದ್ರಕ್ಕೆ ಮುಖ ಮಾಡಿತ್ತು. ವರ್ಷಕ್ಕೊಮ್ಮೆ ತಲೆಗೆ ಬಟ್ಟೆ ಸುತ್ತಿಕೊಂಡು, ಏಣಿ ಹತ್ತಿ, ಅದಕ್ಕೆ ತಾನೇ ಸುಣ್ಣ ಬಳಿಯುತ್ತಿದ್ದಳು. ಕೆಳಗೆ ಏಣಿ ಹಿಡಿದ ಗಂಡನಿಗೆ ಅರ್ಧ ಸುಣ್ಣ, ಪೂರ್ತಿ ಬೈಗುಳ. ಗಂಡ ದೋಣಿಯವನು, ಮಾತು ಕಡಿಮೆ. ಇದ್ದರೂ ಅವಳೆದುರು ಅದಕ್ಕೆ ಜಾಗ ಎಲ್ಲಿ?

ಜಾಗವಿಲ್ಲದ್ದು ಮಾತಿಗೆ ಮಾತ್ರ ಅಲ್ಲ. ಮನೆಯಲ್ಲಿ ಇದ್ದದ್ದು ಒಂದು ಅಡುಗೆಮನೆ, ಒಂದು ಕೋಣೆ. ಕೋಣೆಯ ನಡುವೆ ಪರದೆ. ಆಚೆ ಮಗ ಸೊಸೆ, ಈಚೆ ಇವರಿಬ್ಬರು. ಹೆರಿಗೆಗೆಂದು ತವರಿಗೆ ಹೋದ ಸೊಸೆ ಅಲ್ಲಿಂದಲೇ ಹೇಳಿಬಿಟ್ಟಳು: "ಅತ್ತೆ, ನಿಮ್ಮ ಮೇಲೆ ಕೋಪ ಇಲ್ಲ. ಮಾವನ ಗೊರಕೆಗೆ ಮಗು ಬೆಚ್ಚಿ ಬೀಳುತ್ತೆ. ಒಂದು ಕೋಣೆ ಆಗ್ಲಿ, ಅವತ್ತೇ ಬರ್ತೀನಿ."

ಸುಣ್ಣದಕ್ಕ ಗೊರಕೆಯವನನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡಳು. ಆಮೇಲೆ ಪೇಟೆಯ ಯೋಜನಾ ಕಚೇರಿಗೆ ಹೋದಳು.

ಅಲ್ಲಿ ಕರಾವಳಿಯನ್ನು ಕಾಪಾಡುವ ಕೆಲಸ ಭರದಿಂದ ಸಾಗಿತ್ತು. ಯಾರಿಂದ ಕಾಪಾಡುವುದು ಅಂದರೆ, ಅಲ್ಲಿ ಬದುಕುವವರಿಂದ. ಅಧಿಕಾರಿಯ ತಲೆಯ ಹಿಂದೆ ಕಡಲತೀರದ ದೊಡ್ಡ ಚಿತ್ರವಿತ್ತು. ಅದರಲ್ಲಿ ಒಂದು ಮನೆಯೂ ಇರಲಿಲ್ಲ, ಒಬ್ಬ ಮನುಷ್ಯನೂ ಇರಲಿಲ್ಲ. ಕರಾವಳಿ ನೀತಿ ಬರೆದ ಮಹಾಶಯರು ಎಂಟನೇ ಮಹಡಿಯಲ್ಲಿ ಕೂತು ಇಂಥದ್ದೇ ಚಿತ್ರ ನೋಡುತ್ತಾ ಬರೆದಿರಬೇಕು. ಹಳ್ಳಿಯ ಮನೆಗೆ ಕೋಣೆ ಸೇರಿಸಬಹುದಂತೆ, ಆದರೆ ಆ ಮನೆ ಸಮುದ್ರದಿಂದ ಕಾಣಬಾರದಂತೆ.

"ಸಮುದ್ರದಿಂದ ಯಾರ್ ಸಾರ್ ನೋಡ್ತಾರೆ?"

"ಯಾರೂ ನೋಡ್ದೇ ಇರಬಹುದಮ್ಮ," ಅಂದ ಅಧಿಕಾರಿ. "ಆದ್ರೂ ಕಾಣಬಾರದು." ಗುರುವಾರ ತಾನೇ ಬಂದು ನೋಡುವುದಾಗಿಯೂ ಹೇಳಿದ.

ಬುಧವಾರ ಸುಣ್ಣದಕ್ಕ ಏಣಿ ಹತ್ತಿ, ಅಷ್ಟು ವರ್ಷದ ಬಿಳುಪಿನ ಮೇಲೆ ಮರಳಿನ ಬಣ್ಣ ಬಳಿದಳು. ಗಂಡ ಕೆಳಗಿನಿಂದ, "ಅಲ್ಲ ಕಣೇ, ಆ ಗೋಡೆ..." ಎಂದು ಶುರುಮಾಡಿದ.

"ನಿಮಗೆ ಮೊಮ್ಮಗು ಬೇಕೋ, ಗೋಡೆ ಬೇಕೋ?" ಅಂದಳು. ಅವನು ಏಣಿಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದ.

ಗುರುವಾರ ಅಧಿಕಾರಿ ಬಂದದ್ದು ಸಂಜೆಯ ಹೊತ್ತಿಗೆ. ಕರಾವಳಿ ಕಾಪಾಡುವ ಕಚೇರಿಗೆ ಒಂದು ದೋಣಿಯ ಗತಿಯೂ ಇರಲಿಲ್ಲವಾದ್ದರಿಂದ ಸುಣ್ಣದಕ್ಕನ ಗಂಡನ ದೋಣಿಯನ್ನೇ ಹತ್ತಿದ. ಸಾಕಷ್ಟು ದೂರ ಹೋಗಿ, ತಿರುಗಿ, ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ. ಮಂಜು ಕವಿಯುತ್ತಿತ್ತು. ದಿಬ್ಬ ಯಾವುದು, ಮನೆ ಯಾವುದು, ಒಂದೂ ತಿಳಿಯಲಿಲ್ಲ. ಅವನಿಗೆ ಖುಷಿಯೋ ಖುಷಿ. ಭೇಷ್, ಅನುಮತಿ ಕೊಟ್ಟಂತೆಯೇ ಅಂದ. ಇನ್ನು ದಡಕ್ಕೆ ನಡೆ ಅಂದ.

"ಎಲ್ಲಿಗೆ ಸಾರ್?" ಎಂದ ಗಂಡ.

ಆ ದಡಕ್ಕೆ ಬರಲು ನೀರಡಿಯ ಬಂಡೆಗಳ ನಡುವೆ ಇದ್ದದ್ದು ಒಂದೇ ದಾರಿ. ಬಿಳಿ ಗೋಡೆಗೆ ನೇರವಾಗಿ ಬಂದರೆ ದಾರಿ, ಸ್ವಲ್ಪ ಆಚೀಚೆಯಾದರೆ ಬಂಡೆ. ಊರಿನ ಎಲ್ಲ ದೋಣಿಗೂ ಅದೇ ಗುರುತು. ಗಂಡ ಇದನ್ನು ನಿಧಾನವಾಗಿ ವಿವರಿಸಿದ. ಜೀವಮಾನದಲ್ಲಿ ಮೊದಲ ಸಲ ಅವನ ಮಾತನ್ನು ಒಬ್ಬರು ಪೂರ್ತಿ ಕೇಳಿಸಿಕೊಂಡರು.

ದಡದಲ್ಲಿ ನಿಂತಿದ್ದ ಸುಣ್ಣದಕ್ಕನಿಗೆ ದೋಣಿ ಅಲ್ಲೇ ಸುತ್ತುವುದು ಮಸುಕಾಗಿ ಕಂಡಿತು. ನಿನ್ನೆ ಗಂಡ ಅರ್ಧಕ್ಕೇ ನುಂಗಿದ ಮಾತು ಈಗ ಅವಳಿಗೆ ಪೂರ್ತಿಯಾಯಿತು. ಗೋಡೆ ಕಂಡರೆ ಕೋಣೆ ಹೋಯಿತು. ಕಾಣದಿದ್ದರೆ ಗಂಡನೇ ಹೋದ. ನೀತಿಗೂ ಅದನ್ನು ಬರೆದವರಿಗೂ ಬಾಯಿಗೆ ಬಂದಂತೆ ಬೈಯುತ್ತಾ ಒಳಗೆ ಓಡಿದಳು. ಮೊಮ್ಮಗುವಿಗೆಂದು ಅಂಚು ಹೊಲಿದು ಮಡಚಿಟ್ಟಿದ್ದ ಬಿಳಿ ಬಟ್ಟೆಗಳನ್ನೆಲ್ಲ ತಂದು ಆ ಗೋಡೆಯ ಉದ್ದಕ್ಕೂ ಹರವಿದಳು. ದೋಣಿಯ ಮೂತಿ ಇತ್ತ ತಿರುಗಿತು.

ಮೊಣಕಾಲಿನವರೆಗೆ ಒದ್ದೆಯಾಗಿ ಇಳಿದ ಅಧಿಕಾರಿ ಅವಳು ಕೊಟ್ಟ ನೀರನ್ನು ಗಟಗಟ ಕುಡಿದ. ಪ್ಯಾಂಟು ಹಿಂಡಿಕೊಂಡ. ಗೋಡೆ ನೋಡಿದ. ಎಷ್ಟಾದರೂ ಅಧಿಕಾರಿಯಲ್ಲವೇ.

"ಮನೆ ಸಮುದ್ರದಿಂದ ಚೆನ್ನಾಗಿ ಕಾಣ್ತದೆ. ಕೋಣೆಗೆ ಅನುಮತಿ ಇಲ್ಲ."

ಥೂ, ಇವನ ನಾಲಿಗೆಗೆ ಮೂಳೆ ಇಲ್ಲವೇ! ಸುಣ್ಣದಕ್ಕ ಲೋಟವನ್ನು ಕಿತ್ತುಕೊಂಡಳು. ಅಷ್ಟರಲ್ಲಿ ಅವನು ಬಂಡೆಗಳ ಕಡೆ ತಿರುಗಿ ನೋಡಿ ಒಮ್ಮೆ ನಡುಗಿದ. ಇಲ್ಲೊಂದು ಗುರುತಿನ ಗೋಪುರ ಬೇಕೇ ಬೇಕು, ಬಿಳಿಯದು, ನಾಳೆಯೇ ಆದೇಶ ಕಳಿಸುತ್ತೇನೆ, ನೀವೇ ಕಟ್ಟಿಸಿಕೊಳ್ಳಿ ಅಂದ.

ಅವಳ ಸಿಟ್ಟು ಅಲ್ಲೇ ನಿಂತಿತು. "ಎಷ್ಟು ದೊಡ್ಡದು ಸಾರ್?"

"ದೂರದಿಂದ ಕಾಣೋವಷ್ಟು."

ಗೋಪುರ ಎದ್ದಿತು, ಮನೆಗೆ ಅಂಟಿಕೊಂಡೇ. ಸುಣ್ಣ ಬಳಿಯುವವರು ಒಳಗೆ ಹೋಗಬೇಕಲ್ಲ, ಅದಕ್ಕೊಂದು ಬಾಗಿಲು. ಹೋದವರು ಉಸಿರಾಡಬೇಕಲ್ಲ, ಅದಕ್ಕೊಂದು ಕಿಟಕಿ. ಮಂಚ ಯಾಕೆ ಎಂದು ಊರಿನಲ್ಲಿ ಯಾರೂ ಕೇಳಲಿಲ್ಲ.

ಪರಿಶೀಲನೆಗೆ ಬಂದ ಅಧಿಕಾರಿ ಗೋಪುರವನ್ನು ಒಂದು ಸುತ್ತು ಹಾಕಿ ತಲೆದೂಗಿದ. ಅದೇ ಹೊತ್ತಿಗೆ ಒಳಗಿನಿಂದ ಮಗು ಊರೇ ಎದ್ದು ಕೂರುವಂತೆ ಕಿರುಚಿಕೊಂಡಿತು. ಅವನು ಸುಣ್ಣದಕ್ಕನ ಮುಖ ನೋಡಿದ.

"ಮಂಜು ತೀರಾ ದಟ್ಟವಾದಾಗ ಬಿಳಿ ಬಣ್ಣಾನೂ ಕಾಣಲ್ಲ ನೋಡಿ ಸಾರ್," ಅಂದಳು ಅವಳು. "ಕೇಳಿಸ್ಲಿ ಅಂತ."

ಅವನು ಬಂಡೆಗಳ ಕಡೆ ಒಮ್ಮೆ ನೋಡಿ, ಪೆನ್ನು ತೆಗೆದು, 'ಧ್ವನಿ ವ್ಯವಸ್ಥೆಯೂ ಇದೆ' ಎಂದು ಬರೆದುಕೊಂಡ.