ಅಪ್ಪ ತಗ್ಗಿಸಿ ಬರೆದ ವಯಸ್ಸು

ನಿನ್ನೆ ದೇವದುರ್ಗದಿಂದ ಮೊಮ್ಮಗಳ ಜನನ ಪ್ರಮಾಣಪತ್ರ ಬಂತು. ಮೊಬೈಲಿಗೆ ಕಳಿಸುತ್ತೇನೆ ಎಂದು ಅಳಿಯ ಹೇಳಿದರೂ ನನಗೆ ಕಾಗದವೇ ಬೇಕೆಂದು ಹಟ ಹಿಡಿದಿದ್ದೆ. ಲಕೋಟೆ ಒಡೆದ ಕೂಡಲೇ ಠಸ್ಸೆಯ ನೇರಳೆ ಶಾಯಿಯ ವಾಸನೆ ಮೂಗಿಗೆ ಹತ್ತಿತು. ನಗಬೇಡಿ, ತಾಲೂಕು ಕಚೇರಿಯಲ್ಲಿ ಆಯುಷ್ಯವೆಲ್ಲ ಗುಮಾಸ್ತಿಕೆ ಮಾಡಿದವನಿಗೆ ಅದು ಮಲ್ಲಿಗೆಗಿಂತ ಹೆಚ್ಚು. ಜಾತಿ, ಆದಾಯ, ವಾಸಸ್ಥಳ ಎಂದು ಎಷ್ಟು ಪ್ರಮಾಣಪತ್ರಗಳಿಗೆ ಠಸ್ಸೆ ಒತ್ತಿದ್ದೇನೋ, ಒಂದನ್ನೂ ನೆಟ್ಟಗೆ ಓದಿದವನಲ್ಲ. ಇದನ್ನು ಮಾತ್ರ ಮೂರು ಸಲ ಓದಿದೆ, ಹುಟ್ಟಿದ ತಾರೀಖಿನ ಕೆಳಗೆ ಬೆರಳಿಟ್ಟುಕೊಂಡು. ಹಾಗೆ ಬೆರಳಿಟ್ಟು ಓದುವುದು ನಮ್ಮಪ್ಪನ ಚಾಳಿ.

ಅಪ್ಪ ಮಾನ್ವಿ ತಾಲೂಕಿನ ನಮ್ಮ ಹಳ್ಳಿಯ ಪ್ರಾಥಮಿಕ ಶಾಲೆಗೆ ಹೆಡ್ ಮಾಸ್ತರ. ಮಕ್ಕಳನ್ನು ಶಾಲೆಗೆ ಹಚ್ಚಲು ಬಂದವರಿಗೆ ಆಗ ಹುಟ್ಟಿದ ತಾರೀಖು ಗೊತ್ತಿರುತ್ತಿರಲಿಲ್ಲ. ಜೋಳದ ಸುಗ್ಗಿಯಾಗ ಹುಟ್ಟ್ಯಾದ ಎನ್ನುವರು, ಹಳ್ಳ ತುಂಬಿ ಬಂದ ವರ್ಷ ಎನ್ನುವರು. ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿದ ಮಗು ಶಾಲೆಗೆ ಬಂದಂತೆ. ಅಪ್ಪ ದಾಖಲಾತಿ ವಹಿಯಲ್ಲಿ ಜೂನ್ ಒಂದು ಎಂದು ಬರೆದುಬಿಡುತ್ತಿದ್ದ. ನಮ್ಮೂರಿನ ಅರ್ಧ ಜನ ಹೀಗೆ ಒಂದೇ ದಿನ ಹುಟ್ಟಿದವರು. ಅದರ ಮೇಲೆ, ಕೂಲಿ ಮಾಡುವವರ ಮಕ್ಕಳಿಗೆ ಒಂದು ವರ್ಷ, ಒಂದೂವರೆ ವರ್ಷ ತಗ್ಗಿಸಿ ಬರೆಯುತ್ತಿದ್ದ. ಮುಂದೆ ಸರಕಾರಿ ನೌಕರಿ ಹತ್ತಿದರೆ ಅಷ್ಟು ದಿನ ಹೆಚ್ಚಿಗೆ ದುಡಿದಾವು ಎಂಬ ಕರುಣೆ. ನನಗೆ ಮಾತ್ರ ಖರೇ ತಾರೀಖು. ಮಾಸ್ತರ ಮಗನಿಗೇ ಸುಳ್ಳು ಬರೆದರೆ ಊರು ಏನಂದೀತು ಎಂಬ ಅಂಜಿಕೆ ಇತ್ತು.

ಹುಲಿಗೆಮ್ಮನೂ ನಾನೂ ಹುಟ್ಟಿದ್ದು ಒಂದೇ ದಿನ, ಜನವರಿಯ ಬನದ ಹುಣ್ಣಿಮೆಯ ಮರುದಿನ. ಇದಕ್ಕೆ ಸಾಕ್ಷಿ ಅವಳ ಅಜ್ಜಿ, ಊರ ಸೂಲಗಿತ್ತಿ ತಿಮ್ಮವ್ವ. ಬೆಳಿಗ್ಗೆ ನಮ್ಮ ಮನೆಯಲ್ಲಿ ನನ್ನನ್ನು ಕೈಗೆ ತೆಗೆದುಕೊಂಡು, ಮಧ್ಯಾಹ್ನ ತನ್ನ ಗುಡಿಸಲಿಗೆ ಹೋಗಿ ಮೊಮ್ಮಗಳನ್ನು ಕೈಗೆ ತೆಗೆದುಕೊಂಡವಳು. ತನ್ನ ಅವ್ವ ಕಳೆ ತೆಗೆಯಲು ಹೋದಾಗ ತಮ್ಮನನ್ನು ಆಡಿಸಬೇಕಿದ್ದುದರಿಂದ ಹುಲಿಗೆಮ್ಮ ಶಾಲೆಗೆ ಬಂದದ್ದು ನನಗಿಂತ ಒಂದು ವರ್ಷ ತಡವಾಗಿ. ಆರೂವರೆ ತುಂಬುತ್ತ ಬಂದವಳಿಗೆ ಅಪ್ಪ ಐದು ಎಂದು ಬರೆದ. ವರ್ಷ ಕಳೆಯುವುದರಲ್ಲಿ ಅವಳ ಓದು ನೋಡಿ ದಂಗಾಗಿ, ಡಬಲ್ ಪ್ರಮೋಷನ್ ಕೊಟ್ಟು ಒಂದನೆಯ ಇಯತ್ತೆಯಿಂದ ನೇರ ಮೂರನೆಯದಕ್ಕೆ ಕೂರಿಸಿದ. ಹೀಗೆ ನನ್ನ ಹಿಂದಿದ್ದವಳು ಪಕ್ಕಕ್ಕೆ ಬಂದಳು. ಪಕ್ಕದಿಂದ ಮುಂದೆ ಯಾವಾಗ ಹೋದಳೋ ನನ್ನ ಲಕ್ಷ್ಯಕ್ಕೇ ಬರಲಿಲ್ಲ.

ಎಪ್ಪತ್ತರ ದಶಕದ ಕೊನೆಗೆ ಇಬ್ಬರೂ ರಾಯಚೂರಿನಲ್ಲಿ ಪಿಯುಸಿ ಮುಗಿಸಿದೆವು. ಪ್ರಯೋಗಶಾಲೆಯಲ್ಲಿ ಕಪ್ಪೆಯ ಹೊಟ್ಟೆ ಸೀಳಿದ ದಿನ ನಾನು ತಲೆ ತಿರುಗಿ ಬಿದ್ದವನು, ಅವಳು ನನ್ನ ಕಪ್ಪೆಯನ್ನೂ ಸೀಳಿಕೊಟ್ಟವಳು. ಅವಳಿಗೆ ಬಂದ ಮಾರ್ಕು ನೋಡಿದ ಲೆಕ್ಚರರು ಮೆಡಿಕಲ್‌ಗೆ ಅರ್ಜಿ ಹಾಕವ್ವಾ ಎಂದು ನಿಯಮಗಳ ಪುಸ್ತಿಕೆ ತರಿಸಿಕೊಟ್ಟರು. ಡಾಕ್ಟರಾಗಲು ಯಾವ ಬಾಗಿಲಿಂದ ಒಳಗೆ ಹೋಗಬೇಕು ಎಂಬುದು ನಮ್ಮೂರಲ್ಲಿ ಯಾರಿಗೆ ಗೊತ್ತು? ಅವಳು ಪುಸ್ತಿಕೆ ಹಿಡಿದು ನಮ್ಮ ಮನೆಗೆ ಬಂದಳು. ಅದು ಇಡಿಯಾಗಿ ಇಂಗ್ಲಿಷಿನಲ್ಲಿತ್ತು.

ಅಪ್ಪ ನಿಘಂಟು ತೆಗೆದಿಟ್ಟುಕೊಂಡು, ಸಾಲಿನ ಕೆಳಗೆ ಬೆರಳಿಟ್ಟು, ಒಂದೊಂದನ್ನೇ ಕನ್ನಡದಲ್ಲಿ ಬಿಡಿಸಿ ಹೇಳತೊಡಗಿದ. ಭೌತ, ರಸಾಯನ, ಜೀವಶಾಸ್ತ್ರ ಮೂರರ ಮಾರ್ಕು ಕೂಡಿಸಿ ನೋಡುತ್ತಾರೆ. ತಹಸೀಲ್ದಾರರಿಂದ ಜಾತಿಯದು, ಆದಾಯದ್ದು ಬೇಕು. ಇಷ್ಟು ವರ್ಷ ಇಲ್ಲೇ ಓದಿದ್ದೇನೆಂದು ಶಾಲೆಯಿಂದ ಬೇಕು. ಪ್ರತಿ ನಕಲಿನ ಮೇಲೂ ಗೆಜೆಟೆಡ್ ಅಧಿಕಾರಿಯ ಸಹಿ ಬೇಕು. ನನ್ನ ಅಕ್ಷರ ದುಂಡಗಿದ್ದುದರಿಂದ ನಕಲು ತೆಗೆಯುವ ಕೆಲಸ ನನಗೆ ಬಂತು. ಕಪ್ಪೆಗೆ ಹೆದರಿದವನು ವಾರದೊಳಗೆ ಡಾಕ್ಟರಿಕೆಯ ಪ್ರವೇಶದ ವಿಷಯದಲ್ಲಿ ಓಣಿಗೇ ದೊಡ್ಡ ಪಂಡಿತನಾಗಿಬಿಟ್ಟೆ.

ಪುಸ್ತಿಕೆಯ ಕೊನೆಯ ಹಾಳೆಗಳಲ್ಲಿ ಅಪ್ಪನ ಬೆರಳು ಒಂದು ಸಾಲಿನ ಕೆಳಗೆ ನಿಂತಿತು. ಪ್ರವೇಶದ ವರ್ಷ ಡಿಸೆಂಬರ್ ಮೂವತ್ತೊಂದಕ್ಕೆ ಹದಿನೇಳು ತುಂಬಿರಬೇಕು. ಹುಲಿಗೆಮ್ಮ ನಕ್ಕಳು, ಈಗಲೇ ಹದಿನೇಳೂವರಿ ಹತ್ರ ಬಂದೈತಲ್ರಿ ಎಂದಳು. ಅಪ್ಪ ನಗಲಿಲ್ಲ. ಅವಳ ಹತ್ತನೆಯ ತರಗತಿಯ ಮಾರ್ಕ್ಸ್ ಕಾರ್ಡು ಇಸಿದುಕೊಂಡು ನೋಡಿದ. ತಾನು ಬರೆದ ಜೂನ್ ಒಂದು ಅಲ್ಲಿ ಅಚ್ಚಾಗಿ ಕೂತಿತ್ತು. ಕಾಗದದ ಮೇಲೆ ಅವಳಿಗೆ ಹದಿನಾರು. ಡಿಸೆಂಬರಿಗೆ ಐದು ತಿಂಗಳು ಕಡಿಮೆ ಬೀಳುತ್ತಿತ್ತು. ವಯಸ್ಸು ತಗ್ಗಿಸಿದ್ದೂ ಅಪ್ಪನೇ, ತರಗತಿ ಹಾರಿಸಿದ್ದೂ ಅಪ್ಪನೇ. ಎರಡು ಉಪಕಾರ ಕೂಡಿ ಬಾಗಿಲಿಗೆ ಅಗಳಿ ಹಾಕಿದ್ದವು.

ಒಂದು ವರ್ಷ ಕಾದರಾಯಿತಲ್ಲ ಎನ್ನುತ್ತೀರಿ. ಆದರೆ ಅವಳನ್ನು ಮದುವೆಯಾಗಬೇಕಿದ್ದ ಸೋದರಮಾವ ಕಾಯುವವನಾಗಿರಲಿಲ್ಲ. ಈ ಸಲ ಸೀಟು ಸಿಕ್ಕರೆ ಓದಲಿ, ಇಲ್ಲದಿದ್ದರೆ ಯುಗಾದಿಯೊಳಗೆ ಅಕ್ಕಿಕಾಳು ಎಂದು ಮನೆಯಲ್ಲಿ ಮಾತಾಗಿತ್ತು.

ಅಪ್ಪ ರಾಯಚೂರಿಗೆ ಹೋಗಿ ವಕೀಲರನ್ನು ಕಂಡುಬಂದ. ತಿಳಿದೂ ತಿಳಿದೂ ತಪ್ಪು ತಾರೀಖು ಬರೆದೆ ಎಂದು ಪ್ರಮಾಣ ಮಾಡಿ ಬರೆದುಕೊಟ್ಟರೆ ಕೋರ್ಟಿನಲ್ಲಿ ಕೇಳಿ ನೋಡಬಹುದು, ಆದರೆ ನಿಮ್ಮ ನೌಕರಿಯ ಭರವಸೆ ನಾನು ಕೊಡಲಾರೆ ಎಂದಿದ್ದರಂತೆ ಅವರು. ಅಪ್ಪ ಛಾಪಾ ಕಾಗದ ತಂದೇಬಿಟ್ಟಿದ್ದ. ಅವ್ವ ಒಲೆಯ ಮುಂದೆ ಕೂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಅಪ್ಪ ಪೆನ್ನಿನ ಮುಚ್ಚಳ ತೆಗೆದಾಗ ಹುಲಿಗೆಮ್ಮ ಆ ಕಾಗದದ ಮೇಲೆ ಅಂಗೈ ಊರಿದಳು.

"ಸರ್ರಿ, ನೀವು ಬರೀಲಿಲ್ಲಂದ್ರ ನನಗ ಹುಟ್ಟಿದ ತಾರೀಖನ ಇರ್ತಿದ್ದಿಲ್ರಿ. ನಿಮ್ಮ ಅಕ್ಷರ ತಪ್ಪು ಅನಿಸಿಕೊಂಡು ನಾ ಡಾಕ್ಟರ್ ಆಗಂಗಿಲ್ಲ. ಒಂದ ವರ್ಷ ಕಾಯ್ತೀನಿ."

ಕೈ ತೆಗೆಯಲಿಲ್ಲ. ಅಪ್ಪ ಪೆನ್ನು ಮುಚ್ಚಿ, ಕಂಬಕ್ಕೆ ಒರಗಿ ಅತ್ತ. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಇನ್ನು ಉಳಿದದ್ದು ಸೋದರಮಾವ. ಅಪ್ಪ ಅವರ ಗುಡಿಸಲಿಗೆ ಹೋಗಿ ಕೈಮುಗಿದು ಮಾತು ಶುರು ಮಾಡುವುದರೊಳಗೆ, ಮೂಲೆಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದ ತಿಮ್ಮವ್ವ ಮಾವನ ಕಡೆ ತಿರುಗಿ ಬಾಯಿ ತೆಗೆದಳು.

"ಸರಕಾರದ ಕಾಗದ್ದಾಗ ಹದಿನಾರ ಅದ ಅಂತಾರ. ಡಾಕ್ಟರಕಿಗೆ ಸಣ್ಣಾಕಿ ಆದಾಕಿ, ನಿನ್ನ ಮದುವಿಗೆ ಹೆಂಗ ದೊಡ್ಡಾಕಿ ಆದಾಳಲೇ?"

ಮೊಮ್ಮಗಳ ಖರೇ ವಯಸ್ಸು ದಿನದ ಲೆಕ್ಕದಲ್ಲಿ ಬಲ್ಲವಳು ಆ ಮುದುಕಿ. ಆಕೆಯ ಬಾಯಲ್ಲಿ ಈ ಮಾತು ಬಂದ ಮೇಲೆ ಮಾವ ಒಂದು ವರ್ಷ ತಡೆಯಲು ಒಪ್ಪಿದ.

ಆ ಒಂದು ವರ್ಷ ಹುಲಿಗೆಮ್ಮ ರಾಯಚೂರಿನ ಹಾಸ್ಟೆಲಿನಲ್ಲಿದ್ದು ಬಿಎಸ್‌ಸಿ ಓದಿದಳು. ಮರುವರ್ಷ ಮತ್ತೆ ಅದೇ ಪುಸ್ತಿಕೆ, ಅದೇ ಬೆರಳು. ಹಳೆಯ ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆ ಎಂದು ಹೊಸದಕ್ಕೆ ಅಲೆದಾಟ, ನನ್ನ ದುಂಡನೆಯ ನಕಲುಗಳು. ಸಂದರ್ಶನಕ್ಕೆ ಅಪ್ಪನೇ ಬೆಂಗಳೂರಿಗೆ ರೈಲಿನಲ್ಲಿ ಕರೆದುಕೊಂಡು ಹೋದ. ಬಳ್ಳಾರಿಯಲ್ಲಿ ಸೀಟು ಸಿಕ್ಕಿತು. ತಿಮ್ಮವ್ವ ಮನೆಮನೆಗೆ ಹೋಗಿ, ಇನ್ನ ಮ್ಯಾಲ ನನ್ನ ಕೆಲಸ ನನ್ನ ಮೊಮ್ಮಗಳು ಮಾಡ್ತಾಳ ಎಂದು ಹೇಳಿಬಂದಳು.

ಅಂದಿನಿಂದ ಅಪ್ಪ ಯಾರ ವಯಸ್ಸನ್ನೂ ತಗ್ಗಿಸಲಿಲ್ಲ. ತಾಯಂದಿರನ್ನು ಕೂರಿಸಿಕೊಂಡು, ಹಳೆಯ ಪಂಚಾಂಗ ಹರವಿ, ಯಾವ ಹಬ್ಬ, ಹಿಂದೋ ಮುಂದೋ ಎಂದು ಕೇಳಿ ಕೇಳಿ ಅವರನ್ನು ಬೇಸರಪಡಿಸುತ್ತಿದ್ದ. ಎಂಬತ್ತರ ದಶಕದಲ್ಲಿ ಹುಲಿಗೆಮ್ಮ ಡಾಕ್ಟರಾಗಿ ಊರಿಗೆ ಬಂದು ಕಾಲಿಗೆ ಬಿದ್ದಾಗಲೂ ಅವನ ಕೊರಗು ಇಳಿಯಲಿಲ್ಲ. "ಆ ಹುಡುಗಿದೊಂದ ವರ್ಷ ತಿಂದೆ ನೋಡು" ಎನ್ನುತ್ತಿದ್ದ. ಹಾಗೆನ್ನುತ್ತಲೇ ತೀರಿಹೋದ.

ನಾನು ಹೋದ ಜನವರಿಯಲ್ಲಿ ನಿವೃತ್ತನಾದೆ. ಒಂದೇ ದಿನ ಹುಟ್ಟಿದ ಹುಲಿಗೆಮ್ಮ ಮಾತ್ರ ಇನ್ನೂ ದೇವದುರ್ಗದ ಆಸ್ಪತ್ರೆಯಲ್ಲಿ ದುಡಿಯುತ್ತಿದ್ದಾಳೆ. ಜೂನ್ ಒಂದರ ಕೃಪೆ. ಹೋದ ತಿಂಗಳು ನನ್ನ ಮಗಳ ಹೆರಿಗೆ ಅಲ್ಲೇ. ಕೂಸಿನ ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿತ್ತು, ನಾಡಿ ಇಳಿಯುತ್ತಿತ್ತು. ರಾಯಚೂರಿಗೆ ಒಯ್ಯುವಷ್ಟು ವ್ಯವಧಾನವಿಲ್ಲ ಎಂದು ನರ್ಸು ಹೇಳಿದಾಗ ನಾನು ಬಾಗಿಲ ಹೊರಗೆ ಗೋಡೆ ಹಿಡಿದು ನಿಂತಿದ್ದೆ. ಒಳಗೆ ಕೂಸು ಅತ್ತಿತು. ಸ್ವಲ್ಪ ಹೊತ್ತಿಗೆ ಹುಲಿಗೆಮ್ಮ ಕೈ ಒರೆಸಿಕೊಳ್ಳುತ್ತ ಬಂದಳು.

"ಹತ್ತ ಗಂಟಿ ನಲವತ್ತೆರಡ ನಿಮಿಷಕ್ಕ ಹುಟ್ಟ್ಯಾಳ. ನಿಮಿಷ ಸುದ್ದಾ ಖರೇನ ಬರದೀನಿ" ಎಂದಳು. ಆಮೇಲೆ ಬೆಂಚಿನ ಮೇಲೆ ನನ್ನ ಪಕ್ಕ ಕೂತು, ಮೆಲ್ಲಗೆ, "ಖರೇ ವಯಸ್ಸಿನ ಪ್ರಕಾರ ಆಗಿದ್ರ ನಾ ಇವತ್ತ ಮನ್ಯಾಗ ಇರ್ತಿದ್ದೆ, ತಿಳೀತಾ?" ಎಂದಳು.

ನಿನ್ನೆ ಈ ಕಾಗದ ಬಂದ ಮೇಲೆ ಅಪ್ಪ ಒರಗುತ್ತಿದ್ದ ಕಂಬಕ್ಕೇ ಒರಗಿ ಕೂತು, ಬೆರಳಿಟ್ಟು, ತಾರೀಖನ್ನು ಗಟ್ಟಿಯಾಗಿ ಓದಿದೆ. ಆಮೇಲೆ ಹೇಳಿದೆ: "ಅಪ್ಪಾ, ನೀ ತಿಂದೆ ಅಂತಿದ್ದ ವರ್ಷ ನಮ್ಮ ಮನಿಗೇ ಬಂದು ಮುಟ್ಟೇದ."