ನೂಲು ಕಟ್ಟಿದ ಕೈ

ಕತಾರಿನ ಐನ್ ಖಾಲಿದ್‌ನಲ್ಲಿ ನಾವಿರುವುದು ಜಿಪ್ಸಂ ಹಲಗೆ ಅಡ್ಡ ಹಾಕಿ ಒಂದೇ ವಿಲ್ಲಾವನ್ನು ನಾಲ್ಕು ಮನೆ ಮಾಡಿದ ಕಡೆ. ಮಗಳು, ಅಳಿಯ ಕೆಲಸಕ್ಕೆ ಹೋದರೆ ಮನೆಯಲ್ಲಿ ನಾನೇ. ಹಲಗೆಯಾಚೆ ಗಂಡ, ಹೆಂಡತಿ, ಒಂದು ಸಣ್ಣ ಮಗು. ಅವನು ಹೆಂಡತಿಗೆ ಹೊಡೆಯುವುದು ನನ್ನ ಕಿವಿಗೆ ಬೀಳುತ್ತಿತ್ತು. ಅವಳು ಅಳುತ್ತಿರಲಿಲ್ಲ. ಅದೇ ನನಗೆ ಹೆದರಿಕೆ. ಅತ್ತರೆ ಜೀವ ಉಂಟೆಂದಾದರೂ ಗೊತ್ತಾಗುತ್ತದೆ.

ಬರಬರುತ್ತಾ ಅವಳು ಊಟ ಬಿಟ್ಟಳು, ಮಾತೂ ಬಿಟ್ಟಳು. ಊರಿನ ದೈವಕ್ಕೆ ಏನೋ ಬಾಕಿ ಉಂಟು, ಅದಕ್ಕೇ ಹೀಗೆ ಎಂದು ಗಂಡ ಹೇಳಿಕೊಂಡು ತಿರುಗಿದ. ಎಲ್ಲರೂ ನಂಬಿದರು. ನಮ್ಮವರು ಕತಾರಿನಲ್ಲಿದ್ದರೂ ಡಾಕ್ಟರಿಗಿಂತ ಮೊದಲು ಊರಿನಲ್ಲಿ ಪ್ರಶ್ನೆ ಇಟ್ಟು ಹೇಳುವ ಜೋಯಿಸರಿಗೆ ಫೋನು ಮಾಡುವವರು.

ಒಂದು ಶುಕ್ರವಾರ ಊರಿನವರೆಲ್ಲ ಸೇರುವ ಭಜನೆ ಮುಗಿದ ಮೇಲೆ ನಮ್ಮ ಕಡೆಯ ನರ್ಸಮ್ಮ ಒಬ್ಬಳು ಮೈಕು ಹಿಡಿದಳು.

"ಪೆಟ್ಟು ತಿಂದವಳ ಮನಸ್ಸಿಗೂ ಗಾಯ ಆಗ್ತದೆ. ಊಟ ಬಿಡುದು, ಮಾತು ಬಿಡುದು ಅದರಿಂದಲೇ. ತೊಂದರೆ ಇದ್ದವರು ಕೈ ಎತ್ತಿ, ಹೆದರ್ಬೇಡಿ."

ಕೈ ಎತ್ತುವುದಂತೆ! ಗಂಡಂದಿರೆಲ್ಲ ಪಕ್ಕದಲ್ಲೇ ಕೂತಿದ್ದರು. ಮೈಕು ಸರಿ ಮಾಡಿಕೊಟ್ಟವನೇ ಹಲಗೆಯಾಚೆಯವನು, ಮೊದಲು ಚಪ್ಪಾಳೆ ತಟ್ಟಿದವನೂ ಅವನೇ. ಅವನ ಹೆಂಡತಿ ಶಾಲಿನ ತುದಿ ಕಚ್ಚಿಕೊಂಡು ನೆಲ ನೋಡುತ್ತಿದ್ದಳು.

ಹೊರಡುವಾಗ ನರ್ಸಮ್ಮನ ಕಿವಿಯಲ್ಲಿ ಎಲ್ಲ ಹೇಳಿದೆ.

"ಅಜ್ಜೀ, ಗಂಡ ಇಲ್ಲದ ಹಾಗೆ ಅವಳು ನನಗೆ ಸಿಗ್ಬೇಕು. ಅವಳು ಹೂಂ ಅಂದ್ರೆ ಮಾತ್ರ ಇಲ್ಲಿಯ ಹೆಂಗಸರ ಆಶ್ರಯಕ್ಕೆ ಕರ್ಕೊಂಡು ಹೋಗುದು."

ಸಿಗುವುದು ಹೇಗೆ? ಅವನು ಹೊರಗೆ ಹೋದರೆ ಬಾಗಿಲಿಗೆ ಬೀಗ. ಹಲಗೆ ಬಡಿದು ಕರೆದರೆ ಅವಳು ಆಚೆ ಕೋಣೆಗೆ ಸರಿದುಹೋಗುತ್ತಿದ್ದಳು. ಅವಳ ವೀಸಾ ಅವನ ಹೆಸರಿನಲ್ಲಿ. "ಬಾಯಿ ಬಿಟ್ರೆ ವೀಸಾ ಕ್ಯಾನ್ಸಲ್, ಖಲಾಸ್. ನೀನು ಊರಿಗೆ, ಮಗು ಇಲ್ಲೇ" ಎನ್ನುವುದು ನನಗೂ ಕೇಳಿಸುತ್ತಿತ್ತು.

ಅಷ್ಟರಲ್ಲಿ ಊರಿಂದ ಯಾರದೋ ಬ್ಯಾಗಿನಲ್ಲಿ ಮಂತ್ರಿಸಿದ ಕಪ್ಪು ನೂಲು ಬಂತು. ಹಿರಿಯ ಹೆಂಗಸು ಕಟ್ಟಬೇಕಂತೆ. ರಜೆಯ ದಿನ ಮಧ್ಯಾಹ್ನ ಅವನೇ ನನ್ನನ್ನು ಕರೆದ. ಅವಳ ತೋಳು ಎಳೆದುಕೊಂಡರೆ ಬೆರಳಿನ ಗುರುತು, ನೀಲಿ. ಅದನ್ನು ನೋಡುತ್ತಾ ನಾನು ಹಾಕಿದ ಗಂಟು ಜಾರಿತು.

"ಎಂತ ಅಜ್ಜಿ, ಕಣ್ಣು ಕಾಣುದಿಲ್ವಾ?" ಎಂದು ನಕ್ಕ.

"ಕಾಣ್ತದೆ ಮಾರಾಯ, ಚೆಂದ ಕಾಣ್ತದೆ. ನೂಲು ಕಟ್ಟಿದ ಮೇಲೆ ಇವಳು ಸಂಜೆವರೆಗೆ ಗಂಡಸಿನ ನೆರಳಿಗೆ ಬೀಳ್ಬಾರ್ದು. ನನ್ನ ಕೋಣೆಯಲ್ಲಿ ಕೂರ್ಲಿ. ಮಗುವೂ ಬರ್ಲಿ."

"ತಪ್ಪಿದ್ರೆ?"

"ತಪ್ಪಿದ್ರೆ ನಿಂಗೇ ತಾಗುದು."

ಅಂಥ ಕ್ರಮ ಎಲ್ಲಿಯೂ ಇಲ್ಲ, ನಾನೇ ಹುಟ್ಟಿಸಿದ್ದು. ಪೊಲೀಸರಿಗೆ ಹೆದರದವನು ದೈವಕ್ಕೆ ಹೆದರಿ ಇಬ್ಬರನ್ನೂ ನನ್ನ ಜೊತೆ ಕಳಿಸಿದ.

ಮಗಳಿಂದ ಫೋನು ಮಾಡಿಸಿದೆ. ನರ್ಸಮ್ಮ ಹಿಂಬಾಗಿಲಿನಿಂದ ಬಂದಳು. ಮಾತು ಹಲಗೆ ದಾಟದಿರಲೆಂದು ಟಿವಿ ಜೋರು ಮಾಡಿದೆ. ಆಚೆ ಅವನ ಚಪ್ಪಲಿ ನಡೆಯುವುದು, ನಿಲ್ಲುವುದು.

"ಬರ್ತೀಯಾ ನನ್ನೊಟ್ಟಿಗೆ?" ನರ್ಸಮ್ಮ ಮೆಲ್ಲ ಕೇಳಿದಳು. ಅವಳು ಬಾಗಿಲನ್ನೇ ನೋಡಿದಳು.

ಚಪ್ಪಲಿ ನಮ್ಮ ಬಾಗಿಲಿಗೆ ಬಂತು. "ಅಜ್ಜೀ, ಇನ್ನೆಷ್ಟು ಹೊತ್ತು?"

ಅವಳು ನರ್ಸಮ್ಮನ ಮುಂದೆ ನೂಲು ಕಟ್ಟಿದ ಕೈ ಎತ್ತಿದಳು.

"ಸಂಜೆ ಆಗ್ಲಿಲ್ಲ ಇನ್ನೂ!" ಎಂದು ಕೂಗಿ ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ನರ್ಸಮ್ಮ ಮಗುವನ್ನು ಎತ್ತಿಕೊಂಡಳು. ಮೂವರೂ ಹಿಂಬಾಗಿಲಿನಿಂದ ಹೋದರು.

ಅವನು ಈಗಲೂ ಹಲಗೆಯಾಚೆಯೇ ಇದ್ದಾನೆ, ಒಬ್ಬನೇ. ಚಪ್ಪಲಿ ಸದ್ದಾದರೆ ಟಿವಿ ಜೋರು ಮಾಡಿ ಕೂರುತ್ತೇನೆ.